ಕಡ ತಂದ ಮುಖ

ಆಂಧ್ರದ ಗಡಿಯ ಮಡಕಶಿರಾದ ನಮ್ಮ ಮನೆ ಮುಂದೆ ಆಗಾಗ ಮೋಟಾರ್ ಬೈಕ್ ನಿಲ್ಲುತ್ತದೆ. ಬೆನ್ನಿಗೆ ಕ್ಯಾಮೆರಾ ಚೀಲ ಹಾಕಿಕೊಂಡ ಹುಡುಗರು ಇಳಿಯುತ್ತಾರೆ. ಮದುವೆ ಫೋಟೋದವರು, ಡ್ರೋನ್ ಹಾರಿಸುವವರು, ಹಳ್ಳಿ ಹಳ್ಳಿ ತಿರುಗಿ ಮುದುಕರ ಮುಖ ತೆಗೆದು ಮೊಬೈಲಿಗೆ ಹಾಕುವವರು. "ನಿಮ್ ಕಾಲದ್ದು ಏನಾರ ಹೇಳಣ್ಣ" ಎನ್ನುತ್ತಾರೆ. ಹೇಳಲು ಶುರು ಮಾಡುವುದರೊಳಗೆ ಫೋನ್ ಬರುತ್ತದೆ, ಎದ್ದು ಹೋಗುತ್ತಾರೆ. ಅವರ ತಪ್ಪಲ್ಲ. ಅವರಿಗೆ ಸಂಜೆಯೊಳಗೆ ಇನ್ನೂ ನಾಲ್ಕು ಊರು ಮುಗಿಸಬೇಕು. ಕೂತು ಕೇಳುವ ಪುರುಸೊತ್ತು ಇಲ್ಲದವರಿಗೆ ಓದುವ ಪುರುಸೊತ್ತಾದರೂ ಸಿಗಲಿ ಎಂದು ಬರೆಯುತ್ತಿದ್ದೇನೆ.

ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು. ರಾಯದುರ್ಗದಲ್ಲಿ ಅಪ್ಪನ ಮಗ್ಗ ನಿಂತ ಮೇಲೆ ಸಿಕ್ಕ ಸಿಕ್ಕ ಕೆಲಸ ಮಾಡಿ, ಕೊನೆಗೆ ಮಸ್ತಾನ್ ಸಾಬರ ಸ್ಟುಡಿಯೋ ಸೇರಿದೆ. ಅಲ್ಲಿಂದ ಮುಂದೆ ಕೈ ಕಟ್ಟಿ ಕೂತದ್ದಿಲ್ಲ. ನಾನು ತೆಗೆದ ಫೋಟೋ ಯಾವ ಮನೆಯಿಂದಲೂ ವಾಪಸು ಬಂದಿಲ್ಲ. ಇದನ್ನು ಜಂಬ ಎನ್ನುವವರು ಎನ್ನಲಿ.

ಸಾಬರು ನಿಧಾನದ ಮನುಷ್ಯ. ಹಳ್ಳಿಯ ಮನೆಗಳಲ್ಲಿ ಬೆಳಕು ಕಡಿಮೆ. ಆದರೂ ಅವರು ಫ್ಲ್ಯಾಷ್ ಹಚ್ಚುತ್ತಿರಲಿಲ್ಲ. "ಮಿಂಚು ಹೊಡದ್ರ ಮಂದಿ ಸಿಕ್ಕಿಬಿದ್ದ ಕಳ್ಳರಂಗ ಕಾಣಸ್ತಾರ" ಎನ್ನುತ್ತಿದ್ದರು. ಬಾಗಿಲ ಬೆಳಕಿನಲ್ಲಿ ಕೂರಿಸಿ, ಅರ್ಧ ಸೆಕೆಂಡು ಲೆನ್ಸಿನ ಕಣ್ಣು ತೆರೆದಿಡುತ್ತಿದ್ದರು. ಆ ಅರ್ಧ ಸೆಕೆಂಡು ಎದುರಿಗಿದ್ದವರು ಕದಲಬಾರದು. ಹೆದರಿದವರು ಕದಲುತ್ತಾರೆ. ಅಪರಿಚಿತರ ಮುಂದೆ ಹೆದರದವರು ಯಾರು? ಅದಕ್ಕೆ ಅವರ ಮೊದಲ ಪಾಠ ಕ್ಯಾಮೆರಾದ್ದಾಗಿರಲಿಲ್ಲ.

"ಹೋದ ಕೂಡ್ಲೇ ಚೀಲ ಬಿಚ್ಚಬ್ಯಾಡ. ನೀರು ಕೇಳು. ಯಾಕ ಅಂದ್ರ, ನೀರು ಕೊಟ್ಟ ಮ್ಯಾಲೆ ಯಾರೂ ನಿನ್ನ ಹೊರಗಿನಾಂವ ಅನ್ನಂಗಿಲ್ಲ. ಆಮ್ಯಾಲೆ ಕುಂತು ಮಾತಾಡು. ಮುಖ ತಾನಾಗೇ ಬರತೈತಿ."

ಬೆಳುಗುಪ್ಪದ ಕಡೆ ಒಮ್ಮೆ ಒಬ್ಬ ಮುದುಕ ನೆಟ್ಟ ಗೂಟದಂತೆ ಕೂತಿದ್ದ. ಸಾಬರು ಅವನ ಎತ್ತುಗಳ ಸುದ್ದಿ ತೆಗೆದರು. ಎತ್ತು ಮುಗಿದು ಹೊಲ ಬಂತು, ಹೊಲ ಮುಗಿದು ಭಾವಮೈದುನನ ಜಗಳ ಬಂತು. ಬೆಳಗ್ಗೆ ಹೋದವರು ಬಿಸಿಲು ನೆತ್ತಿಗೇರುವವರೆಗೆ ಕೂತೆವು. ಆಗ ಸಾಬರು, "ಈಗ ಸುಮ್ಕ ಕೂಡ್ರಿ ಕಾಕಾ" ಎಂದು ಒಂದೇ ಒಂದು ತೆಗೆದರು.

"ಇಷ್ಟೇನಾ? ಮುಂಜಾನಿಂದ ಕಾಯಿಸಿ ಇಷ್ಟೇನ್ರಿ?" ಎಂದ ಮುದುಕ.

"ಮುಂಜಾನಿಂದ ತೆಗದದ್ದೇ ಅದು."

ಅವರಿಂದ ಕಲಿತ ಇನ್ನೊಂದು ಕೆಲಸ ಈಗಿನವರಿಗೆ ಗೊತ್ತಿರಲಾರದು. ಆಗ ಬಡವರ ಮನೆಯಲ್ಲಿ ಸತ್ತವರ ಫೋಟೋ ಇರುತ್ತಿರಲಿಲ್ಲ. ಇದ್ದಾಗ ತೆಗೆಸುವ ಯೋಚನೆ ಬಂದಿರುವುದಿಲ್ಲ. ಹೋದ ಮೇಲೆ ಗೋಡೆಗೆ ಒಂದು ಮುಖ ಬೇಕು, ಹೂವು ಹಾಕಲು. ಆಗ ಮನೆಯಲ್ಲೇ ಹೋಲುವವರೊಬ್ಬರನ್ನು ಕೂರಿಸುತ್ತಿದ್ದೆವು. ಅಪ್ಪನ ಜಾಗದಲ್ಲಿ ಚಿಕ್ಕಪ್ಪ, ಅಕ್ಕನ ಜಾಗದಲ್ಲಿ ತಂಗಿ. ಸತ್ತವರ ಬಟ್ಟೆ ಉಡಿಸಿ, ಅವರಂತೆ ತಲೆ ಬಾಚಿಸಿ ತೆಗೆಯುವುದು. ಆಮೇಲೆ ಮಚ್ಚೆಯೋ ಗಾಯದ ಗುರುತೋ ಇದ್ದರೆ ಸಣ್ಣ ಕುಂಚದಿಂದ ಫೋಟೋದ ಮೇಲೆ ಬರೆಯುವುದು. ಇದಕ್ಕೆ ನಾವು 'ಬದಲಿ' ಎನ್ನುತ್ತಿದ್ದೆವು. ಮನೆಯವರು ಎರಡೇ ದಿನಕ್ಕೆ ಅದನ್ನು ಸತ್ತವರೆಂದೇ ನಂಬುತ್ತಿದ್ದರು. ನಂಬಬೇಕೆಂದು ಮನಸ್ಸಿದ್ದರೆ ನಂಬುವುದು ಕಷ್ಟವಲ್ಲ.

ಬದಲಿ ಫೋಟೋದ ಮಚ್ಚೆಗೆ ಸಾಬರು ಕಾಗದದೊಳಗೆ ಇಳಿಯುವ ಬಣ್ಣ ಮುಟ್ಟಿಸುತ್ತಿರಲಿಲ್ಲ. ಒದ್ದೆ ಅರಿವೆಯಿಂದ ಒರೆಸಿದರೆ ಹೋಗುವ ಬಣ್ಣವನ್ನೇ ಇಡುತ್ತಿದ್ದರು. ಯಾಕೆಂದು ಕೇಳಿದೆ.

"ಕುಂತೋರ ಮುಖ ನಾವು ಕಡ ತಂದದ್ದು. ಯಾವಾಗರ ಕೇಳಿದ್ರ ವಾಪಸ್ ಕೊಡೂ ಹಂಗ ಇರಬೇಕು."

ಯಾರು ಬಂದು ಮುಖ ವಾಪಸು ಕೇಳುತ್ತಾರೆ ಎಂದು ನಾನು ಒಳಗೊಳಗೇ ನಕ್ಕಿದ್ದೆ.

ಮದುವೆಯಾದ ಮೇಲೆ ಹೆಂಡತಿಯ ಊರಾದ ಮಡಕಶಿರಾಕ್ಕೆ ಬಂದೆ. ಅಲ್ಲಿಯ 'ಬರ್ರಿ, ಕೂಡ್ರಿ' ಹೋಗಿ ಇಲ್ಲಿಯ 'ಬಾರಣ್ಣ, ಕುಂತ್ಕ' ಬಂತು. ಮೊಪೆಡ್ ಮೇಲೆ ಅಗಳಿ, ಅಮರಾಪುರ, ನಡುವಿನ ಹಳ್ಳಿಗಳನ್ನೆಲ್ಲ ತಿರುಗಿದೆ. ಬೇರೆ ಫೋಟೋದವರು ಒಂದು ಓಣಿ ಮುಗಿಸುವ ಹೊತ್ತಿಗೆ ನಾನು ಒಂದು ಮನೆಯಲ್ಲಿ ನೀರು ಕುಡಿಯುತ್ತಿರುತ್ತಿದ್ದೆ. ಹೆಂಡತಿ ಬೈಯುತ್ತಿದ್ದಳು. "ನೀನು ಫೋಟೋ ತೆಗೆಯಾಕೆ ಹೋಗ್ತೀಯೋ, ಬೀಗತನ ಮಾಡಕ್ಕೆ ಹೋಗ್ತೀಯೋ?"

ಅಮರಾಪುರದ ಆಚೆಯ ಒಂದು ಹಳ್ಳಿಯಿಂದ ಕರೆ ಬಂದದ್ದು ಆ ದಿನಗಳಲ್ಲೇ. ಲಕ್ಷ್ಮಕ್ಕ ಎಂಬ ಹೆಂಗಸು ಜ್ವರ ಬಂದು ತೀರಿಕೊಂಡಿದ್ದಳು. ಇನ್ನೂ ಹಲ್ಲು ಬಾರದ ಹೆಣ್ಣು ಮಗು ಇತ್ತು, ಸುಜಾತ ಅಂತ. ಗಂಡ ಈರಣ್ಣ ಕುರಿ ಸಾಕುವವನು, ಮಾತು ಕಡಿಮೆ. ಲಕ್ಷ್ಮಕ್ಕನ ಫೋಟೋ ಒಂದೂ ಇರಲಿಲ್ಲ. ಅವಳ ತಾಯಿ ಕಿರಿಯ ಮಗಳು ಗಂಗಮ್ಮನನ್ನು ನನ್ನ ಮುಂದೆ ತಂದು ನಿಲ್ಲಿಸಿದಳು.

"ಒಂದೇ ಹೊಟ್ಟೇಲಿ ಹುಟ್ಟಿದೋರು ಕಣಣ್ಣ. ಇವಳ್ನೇ ಕುಂಡ್ರಿಸ್ಕೊ."

"ನಾನು ಅಕ್ಕನಂಗಿಲ್ಲ ಕಣಮ್ಮ" ಎಂದಳು ಗಂಗಮ್ಮ. "ಅಕ್ಕ ಬಂದ್ರೆ ದೀಪ ಹಚ್ಚಿದಂಗಿರೋದು."

"ದೀಪವಂತೆ. ಆರೋಯ್ತಲ್ಲ ದೀಪ. ಸುಮ್ಕೆ ಕುಂತ್ಕಳೇ."

ಪೆಟ್ಟಿಗೆಯಿಂದ ಅಕ್ಕನ ಸೀರೆ ತೆಗೆದು ಉಡಿಸಿದರು. ಓಣಿಯ ಹೆಂಗಸರೆಲ್ಲ ಸೇರಿ, ಬೈತಲೆ ಹೀಗೆ, ಕಿವಿ ಮುಚ್ಚುವಂತೆ ಕೂದಲು, ಎಂದು ಹೇಳಿಕೊಟ್ಟರು. ತುಟಿಯ ಕೆಳಗಿನ ಮಚ್ಚೆ ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ಜಗಳವೇ ಆಯಿತು. "ಎಡಕ್ಕೆ ಕಣೇ." "ಅವಳೆದುರಿಗೆ ನಿಂತ್ಕೊಂಡು ನೋಡಿದ್ರೆ ನಿನಗೆಲ್ಲಿ ಗೊತ್ತಾಗ್ತೈತೆ ಎಡ ಯಾವುದು, ಬಲ ಯಾವುದು." ಗೋಡೆಗೆ ಒರಗಿದ್ದ ಈರಣ್ಣ ತಲೆ ಎತ್ತದೆ, "ಅವಳ ಎಡಕ್ಕೆ" ಎಂದ.

ಬಾಗಿಲ ಬೆಳಕಿಗೆ ಗಂಗಮ್ಮನನ್ನು ಕೂರಿಸಿದೆ.

"ಅಣ್ಣ, ನಗ್ಲಾ? ಅಕ್ಕ ಯಾವಾಗ್ಲೂ ನಗೋಳು."

"ನಗು ಬಂದ್ರೆ ನಗಮ್ಮ. ಅಲ್ಲಾಡಬೇಡ ಅಷ್ಟೇ."

ನಗು ಬರಲಿಲ್ಲ. ಆದರೆ ಅಜ್ಜಿಯ ಮಡಿಲಲ್ಲಿದ್ದ ಮಗು ಆ ಸೀರೆ ನೋಡಿ ಎರಡೂ ಕೈ ಚಾಚಿತು. ಗಂಗಮ್ಮ ಕದಲಲಿಲ್ಲ, ಕಣ್ಣು ಮಾತ್ರ ಮಗುವಿನ ಕಡೆ ಹೋಯಿತು. ಆಗ ಒತ್ತಿದೆ. ನನ್ನ ಇಡೀ ಕಸುಬಿನಲ್ಲಿ ಅದಕ್ಕಿಂತ ಒಳ್ಳೆಯ ಫೋಟೋ ತೆಗೆದಿಲ್ಲ. ಅವಳ ಎಡಕ್ಕೆ ಮಚ್ಚೆ ಇಟ್ಟು, ಚೌಕಟ್ಟು ಹಾಕಿಸಿ ಕೊಟ್ಟು ಬಂದೆ.

ಮಗುವಿನ ಮುಖ ನೋಡಿ ಹಿರಿಯರು ಗಂಗಮ್ಮನನ್ನು ಈರಣ್ಣನಿಗೇ ಕೊಟ್ಟು ಮದುವೆ ಮಾಡಿದರು. ನಮ್ಮ ಕಡೆ ಇದು ಹೊಸದಲ್ಲ. ಅಲ್ಲಿಂದ ಅವಳು ತನ್ನದೇ ಮುಖದ ಕೆಳಗೆ ಕಸ ಗುಡಿಸಿದಳು, ರಾಗಿ ಮುದ್ದೆ ತಿರುವಿದಳು, ಹಬ್ಬಕ್ಕೆ ಆ ಮುಖಕ್ಕೆ ಹಾರ ಹಾಕಿದಳು.

ಆ ದಾರಿಯಲ್ಲಿ ಹೋದಾಗಲೆಲ್ಲ ನೀರಿಗೆ ಅವಳ ಮನೆಯಲ್ಲೇ ನಿಲ್ಲುತ್ತಿದ್ದೆ. ಸುಜಾತ ಬೆಳೆದು ಶಾಲೆಗೆ ಹೋಗುವಂತಾದಳು. ಹೊರಡುವ ಮುಂಚೆ ಗೋಡೆಯ ಫೋಟೋಕ್ಕೆ ಕೈ ಮುಗಿದು "ಅಮ್ಮ, ಬರ್ತೀನಿ" ಎನ್ನುತ್ತಿದ್ದಳು. ಗಂಗಮ್ಮನನ್ನು ಕರೆಯುತ್ತಿದ್ದುದು ಚಿಕ್ಕಮ್ಮ ಎಂದು. ಯಾರೂ ಅವಳಿಗೆ ನಿಜ ಹೇಳಿರಲಿಲ್ಲ. ಹೋಲಿಕೆ ಕಂಡು ಕೇಳಿದರೆ, ಅಕ್ಕ ತಂಗಿಯರಲ್ಲವಾ ಎಂದು ಓಣಿಯವರೇ ಸಮಾಧಾನ ಹೇಳುತ್ತಿದ್ದರು.

ಒಂದು ದಿನ ಗಂಗಮ್ಮ ನೀರಿನ ಚೊಂಬು ಕೊಟ್ಟು ಅಲ್ಲೇ ಹೊಸ್ತಿಲ ಮೇಲೆ ಕೂತಳು.

"ಒಂದು ಹೇಳ್ತೀನಿ, ನಗಬ್ಯಾಡಣ್ಣ. ಅಕ್ಕನ್ನ ನೆನೆಸ್ಕೊಂಡ್ರೆ ನನ್ ಮೊಕಾನೇ ಬರ್ತೈತೆ. ಅವಳು ಹೆಂಗಿದ್ಲು ಅನ್ನೋದು ಹೊಂಟೋಯ್ತು. ದಿನಾ ಆ ಪೋಟೋ ನೋಡಿ ನೋಡಿ ಅಳಿಸೋಯ್ತು."

ನನಗೆ ನಗು ಬರಲಿಲ್ಲ. ಮುಖ ಉಳಿಸುವ ಕಸುಬು ಎಂದುಕೊಂಡಿದ್ದೆ ಇದನ್ನು.

"ಅವಳ ನಿಜವಾದ ಪೋಟೋ ಎಲ್ಲಾದ್ರೂ ಇದ್ದೀತಾ? ಒಂದು ಸಲ ನೋಡಿದ್ರೆ ಸಾಕು ನಂಗೆ."

ಆಮೇಲೆ ಹೋದಾಗಲೆಲ್ಲ ಅದೇ ಮಾತು. ಅವಳಿಗೆ ನೆನಪಿದ್ದುದು ಇಷ್ಟು: ಲಕ್ಷ್ಮಕ್ಕ ಹುಡುಗಿಯಾಗಿದ್ದಾಗ ಬೆಳುಗುಪ್ಪದ ಕಡೆಗೆ ಕೊಟ್ಟಿದ್ದ ದೊಡ್ಡಮ್ಮನ ಮನೆಗೆ ಒಂದು ಮದುವೆಗೆ ಹೋಗಿದ್ದಳು, ಅಲ್ಲಿ ಗುಂಪಿನ ಫೋಟೋ ತೆಗೆದರಂತೆ, ಮನೆ ಮುಂದೆ ಹಳೇ ಗಾಣದ ಕಲ್ಲು ಇತ್ತಂತೆ. ದೊಡ್ಡಮ್ಮ ತೀರಿಹೋದ ಮೇಲೆ ಆ ಕಡೆ ಹೋಗಿ ಬರುವುದು ನಿಂತಿತ್ತು. ಊರಿನ ಹೆಸರು ಯಾರಿಗೂ ನೆನಪಿರಲಿಲ್ಲ.

ಸುಜಾತಳಿಗೆ ಗಂಡು ನೋಡುತ್ತಿದ್ದ ವರ್ಷ ನಾನು ಹೊರಟೆ. ಆ ಕಡೆಯ ಮದುವೆಗಳಿಗೆ ಆಗ ಹೋಗುತ್ತಿದ್ದವರು ನಮ್ಮ ಸಾಬರೇ. ಆ ಹೊತ್ತಿಗೆ ಮಸ್ತಾನ್ ಸಾಬರು ಹೋಗಿ ಬಹಳ ಕಾಲವಾಗಿತ್ತು. ರಾಯದುರ್ಗದ ಸ್ಟುಡಿಯೋ ಇದ್ದಲ್ಲಿ ಜೀನ್ಸ್ ಪ್ಯಾಂಟ್ ಹೊಲಿಯುವ ಮಿಷನ್ನುಗಳಿದ್ದವು. ಹಳೇ ನೆಗೆಟಿವ್‌ಗಳು ಎಲ್ಲಿ ಎಂದರೆ, ಬೆಳ್ಳಿಗಾಗಿ ಕೊಟ್ಟೆವು ಎಂದರು ಅವರ ಮಗ. ಕಪ್ಪು ಬಿಳುಪು ಫಿಲ್ಮನ್ನು ಕುದಿಸಿದರೆ ಒಂದಿಷ್ಟು ಬೆಳ್ಳಿ ಸಿಗುತ್ತದೆ. ಅದನ್ನು ಕೊಳ್ಳಲು ಊರೂರು ತಿರುಗುವವರಿದ್ದರು. ಸಾಬರು ದಿನಗಟ್ಟಲೆ ಕೂತು ತೆಗೆದ ಮುಖಗಳೆಲ್ಲ ಯಾರದೋ ಕಾಲುಗೆಜ್ಜೆಯಾಗಿ ಹೋಗಿದ್ದವು. ಅಲ್ಲಿಂದ ಬೆಳುಗುಪ್ಪದ ಕಡೆಯ ಬಸ್ಸು ಹಿಡಿದೆ.

ಬಸ್ಸು ಇಳಿದು ನಡೆಯುತ್ತ ಊರೂರು ಕೇಳಿದೆ. ಕಸುಬು ಹಿಡಿದ ಮೇಲೆ ಮೊದಲ ಸಲ ಕ್ಯಾಮೆರಾ ಚೀಲದಲ್ಲೇ ಉಳಿಯಿತು, ತೆಗೆಯುವ ಕೆಲಸವಿರಲಿಲ್ಲ. ಒಂದೂರಲ್ಲಿ ಮುದುಕಿಯೊಬ್ಬಳು ತೆಲುಗಿನಲ್ಲಿ ಯಾರು ಬೇಕೆಂದು ಕೇಳಿ, ನನ್ನ ತೆಲುಗು ಕೇಳಿದ ಮೇಲೆ ಕನ್ನಡಕ್ಕೆ ಬಂದಳು. ಇನ್ನೊಂದೂರಲ್ಲಿ ಬಾಗಿಲು ಅರ್ಧ ತೆರೆದು, "ಸರ್ವೆಯೋರು ಕಳಿಸ್ಯಾರೇನ್ರಿ? ಹೊಲದ ಪಾಸ್‌ಬುಕ್ಕಿಂದು ಏನಾರ ತಕರಾರೇನು?" ಎಂದರು. ಮತ್ತೊಂದು ಕಡೆ ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ತಡೆದರು.

"ಯಾರು ಬೇಕಾಗಿತ್ರಿ?"

"ಗಾಣದ ಕಲ್ಲು ಇರೋ ಮನೆ ಬೇಕಾಗಿತ್ರಿ."

"ಕಲ್ಲು ಕೊಳ್ಳಾಕ ಬಂದೀರೇನು?"

"ಇಲ್ರಿ. ಒಂದು ಫೋಟೋ ನೋಡಾಕ."

"ಫೋಟೋ ತೆಗಿಯಾಕ ಬರೋರನ್ನ ನೋಡೀನಿ. ಫೋಟೋ ನೋಡಾಕ ಬಂದೋರನ್ನ ಇವತ್ತ ನೋಡಿದ್ದು ನೋಡ್ರಿ. ಬರ್ರಿ, ಕೂಡ್ರಿ, ನೀರು ಕುಡಿರಿ."

ಎಷ್ಟೋ ಮನೆಗಳಲ್ಲಿ ಗೋಡೆಯ ಫೋಟೋ ಇಳಿಸಿ ತೊಡೆಯ ಮೇಲಿಟ್ಟು ಒಬ್ಬೊಬ್ಬರನ್ನೇ ತೋರಿಸಿದರು. ಇವನು ಹಾವು ಕಚ್ಚಿ ಹೋದ, ಇವಳನ್ನು ಗುಂತಕಲ್ಲಿಗೆ ಕೊಟ್ಟಿದೆ, ಇವನು ನಮ್ಮ ಕೂಡ ಮಾತು ಬಿಟ್ಟಿದ್ದಾನೆ. ನನಗೆ ಬೇಕಾದವಳು ಅದರಲ್ಲಿಲ್ಲ ಎಂದು ಮೊದಲೇ ಗೊತ್ತಾಗುತ್ತಿತ್ತು. ಆದರೂ ಮುಗಿಯುವವರೆಗೆ ಕೇಳದೆ ಏಳುವುದು ನನ್ನಿಂದಾಗುತ್ತಿರಲಿಲ್ಲ. ಮತ್ತೆ ಮತ್ತೆ ಹೋದೆ.

ಕೊನೆಗೆ ಆ ಕಲ್ಲು ಸಿಕ್ಕಿತು, ಕೋಳಿಗಳಿಗೆ ನೀರಿಡುವ ಬಾನಿಯಾಗಿ. ಆ ಮನೆಯ ನೀಲಮ್ಮ ಎಂಬ ಮುದುಕಿಯೇ ಅಂದಿನ ಮದುಮಗಳು, ದೊಡ್ಡಮ್ಮನ ಮಗಳು. ಲಕ್ಷ್ಮಕ್ಕನ ಹೆಸರು ಹೇಳಿದೆ. ಅವಳು ಹೋಗಿದ್ದು ನೀಲಮ್ಮನಿಗೆ ಗೊತ್ತಿರಲಿಲ್ಲ. "ಯಾಕ, ಏನಾತ್ರಿ?" ಎಂದು ಕೇಳಿ, ಸೆರಗು ಬಾಯಿಗಿಟ್ಟುಕೊಂಡು ಕೂತಳು. ಆಮೇಲೆ ಮೊಮ್ಮಗನ ಹುಟ್ಟುಹಬ್ಬದ ಬಣ್ಣದ ಫೋಟೋವೊಂದನ್ನು ಇಳಿಸಿ ಹಿಂದಿನ ಮೊಳೆ ಕಿತ್ತಳು. ಅದರ ಹಿಂದೆ ಅದೇ ಚೌಕಟ್ಟಿನಲ್ಲಿ ಹಳೇ ಮದುವೆಯ ಗುಂಪು ಇತ್ತು. ಬೆನ್ನ ಮೇಲೆ ಮಸ್ತಾನ್ ಸಾಬರ ಮುದ್ರೆ. ಆ ಮದುವೆಗೆ ನಾನೂ ಹೋಗಿದ್ದೆನೋ ಏನೋ, ನೆನಪಿಲ್ಲ.

ಪಡಸಾಲೆಯಲ್ಲಿ, ಬಾಗಿಲ ಬೆಳಕಿಗೆ, ಎಲ್ಲರೂ ಕಲ್ಲಿನಂತೆ ನಿಂತಿದ್ದರು. ಬಲತುದಿಯಲ್ಲಿ ಒಬ್ಬ ಹುಡುಗಿ, ಸೊಂಟದ ಮೇಲೆ ಯಾರದೋ ಮಗು. ಅವಳ ಸೀರೆಯ ಅಂಚು ಸ್ಪಷ್ಟ, ಮಗುವನ್ನು ತಬ್ಬಿದ ಕೈ ಸ್ಪಷ್ಟ, ಕೈಯ ಬಳೆಗಳು ಒಂದೊಂದೂ ಸ್ಪಷ್ಟ. ಮುಖವಿರಬೇಕಾದ ಕಡೆ ಹೊಗೆ ಎಳೆದಂತೆ ಒಂದು ಬಿಳಿಯ ಗೆರೆ.

"ಇಕೀನೇ ಲಕ್ಷ್ಮಿ, ನಮ್ಮ ಚಿಗವ್ವನ ಮಗಳು" ಎಂದಳು ನೀಲಮ್ಮ. "ಅಲ್ಲಾಡಬ್ಯಾಡ ಅಂತ ಸಾಬರು ನೂರು ಸಲ ಹೇಳಿದ್ರು. ಕೂಸು ಅಳಾಕತ್ತಿತು ಅಂತ ತಿರುಗಿಬಿಟ್ಲು."

ಅರ್ಧ ಸೆಕೆಂಡು. ಸಾಬರ ಆ ಅರ್ಧ ಸೆಕೆಂಡು ಅವಳಿಗೆ ಹೆಚ್ಚಾಯಿತು. ಫ್ಲ್ಯಾಷ್ ಹಚ್ಚಿದ್ದರೆ ಸಿಕ್ಕಿಬಿಡುತ್ತಿದ್ದಳು. ಎಲ್ಲರ ಮುಖ ಕಾಪಾಡಿದ ನಿಧಾನ ಅವಳೊಬ್ಬಳ ಮುಖವನ್ನು ಬಿಟ್ಟುಕೊಟ್ಟಿತ್ತು.

ಅದರ ನಕಲು ತೆಗೆದುಕೊಂಡು, ಆ ಹುಡುಗಿಯಷ್ಟನ್ನೇ ದೊಡ್ಡದು ಮಾಡಿಸಿ, ಗಂಗಮ್ಮನ ಬಳಿ ಹೋದೆ. ರೇಷ್ಮೆ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದಳು. ಕೊಡುವ ಮುಂಚೆಯೇ, "ಮುಖ ಬಂದಿಲ್ಲಮ್ಮ" ಎಂದೆ. ಕೈ ಒರೆಸಿಕೊಂಡು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಇವು ಹಸಿರು ಬಳೆ ಕಣಣ್ಣ. ಅಮರಾಪುರದ ಸಂತೇಲಿ ಅಪ್ಪ ಇಬ್ರಿಗೂ ಕೊಡ್ಸಿದ್ದು. ನಾನು ಅವತ್ತೇ ಒಡ್ಕೊಂಡೆ. ಅವಳು ತನ್ನ ಬಳೇಲಿ ಅರ್ಧ ಬಿಚ್ಚಿ ನಂಗೆ ಹಾಕಿದ್ಲು."

ಕಪ್ಪು ಬಿಳುಪು ಫೋಟೋದಲ್ಲಿ ಅವಳಿಗೆ ಹಸಿರು ಕಾಣುತ್ತಿತ್ತು.

"ಮೊಕ ಬರ್ಲಿಲ್ಲ" ಎಂದಳು ಕೊನೆಗೆ. "ಕೈ ಬಂತು. ತಲೆ ಬಾಚೋವಾಗ ಈ ಕೈ ಹಿಂಗೇ ಹಿಡಿಯೋದು. ಕೈ ಬಂತಲ್ಲ, ಸಾಕು ಬಿಡು."

ಚೌಕಟ್ಟು ಹಾಕಿಸಲೇ ಎಂದೆ. ಬೇಡವೆಂದಳು.

"ಸುಜೀಗೆ ಮದ್ವೆ ಗೊತ್ತಾಗೈತೆ. ಹಸೆಗೆ ಹೋಗೋ ಮುಂಚೆ ಕೈ ಮುಗಿಯಕ್ಕೆ ಒಂದು ಮೊಕ ಬೇಕು ಆ ಮಗೀಗೆ. ನಿನ್ನಮ್ಮಂಗೆ ಮೊಕಾನೇ ಇಲ್ಲ ಅಂತ ಈಗ ಹೆಂಗೆ ಹೇಳಾದು? ನಂದೇ ಇರ್ಲಿ."

"ಹಂಗಾದ್ರೆ ನಿನ್ನದೊಂದು ತೆಗೀತೀನಿ, ಬಾ. ಬೆಳಕು ಚೆನ್ನಾಗಿದೆ."

"ಬ್ಯಾಡಣ್ಣ. ಎರಡೂ ಪೋಟೋ ಪಕ್ಕ ಪಕ್ಕ ಇಟ್ಟು ನೋಡಿದ್ರೆ ಅವಳಿಗೆ ತಿಳಿಯಲ್ವ? ಆದ್ರೆ ಒಂದು ಮಾತು. ನಾನು ಹೋದ್ಮೇಲೆ ನನ್ ಮೊಕ ನಂಗೆ ಕೊಡ್ಸು. ಅಲ್ಲೂ ಅಕ್ಕನ ಹೆಸರಲ್ಲೇ ಇರಾಕೆ ನನ್ ಕೈಲಾಗಲ್ಲ."

ಅಕ್ಕನ ಸೀರೆಯಿದ್ದ ಪೆಟ್ಟಿಗೆಯಲ್ಲಿ ಆ ಫೋಟೋ ಇಟ್ಟಳು. ಸುಜಾತಳ ಮದುವೆಗೆ ಫೋಟೋ ತೆಗೆದವನು ನಾನೇ. ಕ್ಯಾಮೆರಾ ತಿರುಗಿದ ಕಡೆಯಿಂದೆಲ್ಲ ಗಂಗಮ್ಮ ಸರಿದು ಹೋಗುತ್ತಿದ್ದಳು. ಹಾಕಿಸಿದ ಆಲ್ಬಮ್ಮಿನಲ್ಲಿ ಹುಡುಕಿದರೆ ಒಂದು ಕಡೆ ಅವಳ ಬೆನ್ನು ಸಿಗುತ್ತದೆ, ಅಡುಗೆ ಒಲೆಯ ಹತ್ತಿರ.

ಈಚೆಗೆ ಕೈ ನಡುಗುತ್ತದೆಂದು ನಾನು ಕಸುಬು ಬಿಟ್ಟೆ. ಬಿಟ್ಟ ಮೇಲೆ ಬಂದ ಕರೆ ಇದು. ಸುಜಾತ ಈಗ ಅಗಳಿಯಲ್ಲಿ ಅಂಗನವಾಡಿ ಟೀಚರು.

"ಪೋಟೋ ಮಾವ, ಚಿಕ್ಕಮ್ಮ ಹೋಗ್ಬಿಟ್ಲು. ಮನೇಲಿ ಅವಳದೊಂದು ಪೋಟೋ ಇಲ್ಲ."

ಬೆಳಗಿನ ಬಸ್ಸಿಗೆ ಗಂಗಮ್ಮನ ಊರಿಗೆ ಹೋದೆ. ಮಣ್ಣು ಮಾಡುವುದು ಮುಗಿದಿತ್ತು. ಸುಜಾತ ಆಧಾರ್ ಕಾರ್ಡ್ ತಂದು ತೋರಿಸಿದಳು. ಅದರಲ್ಲಿದ್ದ ಹೆಂಗಸು ಯಾರಾದರೂ ಆಗಬಹುದಿತ್ತು.

"ಇದು ಚಿಕ್ಕಮ್ಮನಂಗೇ ಇಲ್ಲ ಮಾವ. ಅಮ್ಮಂದು ತೆಗ್ದಿದ್ದೀರಲ್ಲ, ಹಂಗೆ ಜೀವ ಇರೋ ತರ ಏನಾದ್ರೂ ಮಾಡಕ್ಕಾಗುತ್ತಾ?"

ನಾನು ನೀರು ಕೇಳಿದೆ. ತಂದುಕೊಟ್ಟಳು. ಕುಡಿದು, ಕೂತು, ಎಲ್ಲವನ್ನೂ ಹೇಳಿದೆ. ಅವಳು ತಲೆಯೆತ್ತಿ ಗೋಡೆಯನ್ನು ನೋಡಲಿಲ್ಲ. ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದ ಈರಣ್ಣ ಅಲ್ಲಿಂದಲೇ, "ಇಳಿಸು. ಸಾಕು ಅವಳು ಅಲ್ಲಿ ನಿಂತಿದ್ದು" ಎಂದ.

ಫೋಟೋ ಇಳಿಸಿ, ಹಾರ ತೆಗೆದು, ಚೌಕಟ್ಟು ಬಿಚ್ಚಿದೆ. ಹತ್ತಿಯನ್ನು ನೀರಲ್ಲಿ ಅದ್ದಿ ಸುಜಾತಳ ಕೈಗೆ ಕೊಟ್ಟೆ. "ನೀನೇ ಒರೆಸಮ್ಮ. ತುಟಿ ಕೆಳಗೆ. ಮೆಲ್ಲಗೆ."

ಸಾಬರ ಮಾತಿನಂತೆ ಇಟ್ಟ ಬಣ್ಣ. ಒರೆಸಿದ ಕೂಡಲೇ ಬಂತು. ಮಚ್ಚೆ ಹೋದ ಜಾಗದಲ್ಲಿ ಗಂಗಮ್ಮ ಇದ್ದಳು, ಕೈ ಚಾಚಿದ ಮಗುವನ್ನು ನೋಡುತ್ತ.

"ಪರೀಕ್ಷೆಗೆ ಹೋಗೋವಾಗೆಲ್ಲ ಈ ಮೊಕಕ್ಕೆ ಕೈ ಮುಗೀತಿದ್ದೆ" ಎಂದಳು ಸುಜಾತ. "ಒಳಗೆ ಒಲೆ ಮುಂದೆ ಇರೋಳು. ಅವಳಿಗೆ ಬರ್ತೀನಿ ಅಂತ ಒಂದು ಮಾತು ಹೇಳ್ತಿರ್ಲಿಲ್ಲ ಮಾವ ನಾನು."

ಹತ್ತಿಯನ್ನು ಕೆಳಗಿಟ್ಟು, "ಹಂಗಾದ್ರೆ ಅಮ್ಮ?" ಎಂದಳು.

ಪೆಟ್ಟಿಗೆ ತೋರಿಸಿದೆ. ಸೀರೆಯ ಮಡಿಕೆಯೊಳಗಿಂದ ಫೋಟೋ ತೆಗೆದಳು. ಮುಖ ಹುಡುಕಿದಳು, ಬೆಳಕಿಗೆ ತಿರುಗಿಸಿ ಮತ್ತೆ ಹುಡುಕಿದಳು. ಎರಡನ್ನೂ ಗೋಡೆಗೆ ಒರಗಿಸಿಟ್ಟು ಕುಂಕುಮದ ಬಟ್ಟಲು ತಂದಳು. ಗಂಗಮ್ಮನ ಹಣೆಗೆ ಇಟ್ಟಳು. ಅಮ್ಮನ ಮುಂದೆ ಬಂದಾಗ ಹಣೆ ಎಲ್ಲಿದೆಯೆಂದು ತಿಳಿಯದೆ ಅವಳ ಬೆರಳು ಆ ಬಿಳಿಯ ಗೆರೆಯ ಮೇಲೆ ಆಚೀಚೆ ಆಡಿ ನಿಂತಿತು. ಆಮೇಲೆ ಕೆಳಗೆ ಬಂದು, ಮಗುವನ್ನು ತಬ್ಬಿದ್ದ ಕೈಗೆ, ಬಳೆಗಳ ಮೇಲೆ, ಕುಂಕುಮ ಇಟ್ಟಳು.